ತೆರಿಗೆಯಿಲ್ಲದ ನಾಡಿನ ಲಾಭ ಯಾರ ಕೈಗೆ?

ರಜೆಯಲ್ಲಿ ಊರಿಗೆ ಬಂದಾಗ ಮದುವೆಮನೆಯ ಊಟದ ಪಂಕ್ತಿಯಲ್ಲಿ ತಪ್ಪದೆ ಎದುರಾಗುವ ಮಾತೊಂದಿದೆ: "ನಿಮಗೇನು ಬಿಡಿ, ಅಲ್ಲಿ ಟ್ಯಾಕ್ಸೇ ಇಲ್ಲವಂತೆ." ಹೇಳುವವರಲ್ಲಿ ಅಸೂಯೆಯೇನೂ ಇರುವುದಿಲ್ಲ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ. ತಮ್ಮನ ಮಗ ಐಟಿಐ ಮುಗಿಸಿದ್ದಾನೆ, ಅವನಿಗೂ ಅಲ್ಲೊಂದು ಕೆಲಸ ನೋಡಬಹುದೇ ಎಂದು. ಸಂಬಳಕ್ಕೆ ತೆರಿಗೆಯಿಲ್ಲ ಎಂಬ ಒಂದೇ ಕಾರಣದಿಂದ ಕತಾರ್ ಎಲ್ಲರಿಗೂ ಒಂದೇ ಬಗೆಯ ಕತಾರ್ ಆಗಿಬಿಡುತ್ತದೆ. ವೈದ್ಯನಿಗೂ, ಕಬ್ಬಿಣ ಕಟ್ಟುವವನಿಗೂ ಸಮಾನವಾದ ಭಾಗ್ಯ ಎಂಬಂತೆ. ಈ ಎಣಿಕೆ ತಪ್ಪು. ಅದು ಎಷ್ಟು ತಪ್ಪು ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಿಯೇ ತೋರಿಸಬಹುದು.

ನಾನಿರುವುದು ಕತಾರಿನ ಉತ್ತರದ ತುದಿಯಾದ ಅಲ್ ಶಮಾಲ್‌ನಲ್ಲಿ. ದೋಹಾದ ಗಾಜಿನ ಗೋಪುರಗಳಿಂದ ನೂರು ಕಿಲೋಮೀಟರಿಗೂ ಮೀರಿದ ದಾರಿ. ಇಲ್ಲಿ ಅಲ್ ರುವೈಸ್‌ನ ಬಂದರು, ಅಬು ದಲೂಫ್‌ನ ಮೀನುಗಾರರ ದೋಣಿಗಳು, ಒಂದಷ್ಟು ಕುರಿಸಾಕಣೆಯ ತೋಟಗಳು, ಉಳಿದಂತೆ ಗಾಳಿ ಮತ್ತು ಸುಣ್ಣಕಲ್ಲಿನ ಬಯಲು. ಪಶ್ಚಿಮದ ಕರಾವಳಿಯಲ್ಲಿ ಅಲ್ ಜುಬಾರಾ ಎಂಬ ಹಾಳೂರು ಇದೆ. 2013ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಅದು ಮುತ್ತಿನ ವ್ಯಾಪಾರದ ದೊಡ್ಡ ಪಟ್ಟಣ. ವ್ಯಾಪಾರಕ್ಕೆ ಸುಂಕ ವಿಧಿಸದ ಬಂದರೆಂಬ ಹೆಸರಿನಿಂದಲೇ ವರ್ತಕರು ಅಲ್ಲಿಗೆ ಬಂದು ನೆಲೆಸಿದರು. ಸುಂಕವಿಲ್ಲದ್ದು ವರ್ತಕನ ಮುತ್ತಿಗೆ. ಆ ಮುತ್ತನ್ನು ಉಸಿರು ಬಿಗಿಹಿಡಿದು ಕಡಲ ತಳದಿಂದ ತಂದವನ ಬದುಕು ಬೇರೆಯೇ ಆಗಿತ್ತು. ಕೊಲ್ಲಿಯ ಮುತ್ತಿನ ಕಸುಬಿನಲ್ಲಿ ಮುಳುಗುಗಾರರು ಋತುವಿಗೆ ಮುಂಚೆ ದೋಣಿಯ ಯಜಮಾನನಿಂದ ಮುಂಗಡ ಪಡೆದು, ಋತು ಮುಗಿದ ಮೇಲೂ ಅದರಲ್ಲಿಯೇ ಉಳಿದು, ಮುಂದಿನ ವರ್ಷ ಮತ್ತೆ ಅದೇ ದೋಣಿಯನ್ನು ಏರುತ್ತಿದ್ದರು. ಅವರಿಂದ ತೆರಿಗೆ ಕೇಳುವವರು ಯಾರೂ ಇರಲಿಲ್ಲ. ಸಾಲದಿಂದ ಬಿಡಿಸುವವರೂ ಇರಲಿಲ್ಲ.

ಈಗ ಇಂದಿನ ಲೆಕ್ಕಕ್ಕೆ ಬರೋಣ. ಕತಾರ್ 2020ರಲ್ಲಿ ಕನಿಷ್ಠ ವೇತನದ ಕಾನೂನು ಮಾಡಿ, 2021ರ ಮಾರ್ಚ್‌ನಿಂದ ಜಾರಿಗೆ ತಂದಿತು. ಮೂಲ ವೇತನ ತಿಂಗಳಿಗೆ 1,000 ರಿಯಾಲ್. ಊಟ ಮತ್ತು ವಸತಿಯನ್ನು ಮಾಲೀಕನೇ ಕೊಡದಿದ್ದರೆ ಊಟಕ್ಕೆ 300, ವಸತಿಗೆ 500 ಸೇರಿಸಿ ಒಟ್ಟು 1,800. ಎಲ್ಲ ದೇಶದವರಿಗೂ, ಮನೆಗೆಲಸದವರಿಗೂ ಅನ್ವಯಿಸುವ ಇಂಥ ಕಾನೂನು ಈ ಪ್ರದೇಶದಲ್ಲಿ ಸಣ್ಣ ಸಂಗತಿಯಲ್ಲ; ಅದನ್ನು ಮೆಚ್ಚಲೇಬೇಕು. ರಿಯಾಲಿಗೆ ಸುಮಾರು 24 ರೂಪಾಯಿ ಹಿಡಿದರೆ 1,000 ರಿಯಾಲ್ ಎಂದರೆ ತಿಂಗಳಿಗೆ 24,000 ರೂಪಾಯಿ, ವರ್ಷಕ್ಕೆ 2,88,000. ಇದೇ ಹಣವನ್ನು ಆತ ಕುಂದಾಪುರದಲ್ಲೋ ಕೊಪ್ಪಳದಲ್ಲೋ ದುಡಿದಿದ್ದರೆ ಆದಾಯ ತೆರಿಗೆ ಎಷ್ಟು ಕಟ್ಟಬೇಕಿತ್ತು? ಏನೂ ಇಲ್ಲ. 2025ರ ಮುಂಗಡಪತ್ರದ ನಂತರ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲ. ದೇಶದ ನಿವಾಸಿಯಾದವನಿಗೆ ರಿಯಾಯಿತಿಯೂ ಸೇರಿ 12 ಲಕ್ಷದವರೆಗೆ ಇಲ್ಲ. ಸಂಬಳದಾರನಾದರೆ 75,000 ರೂಪಾಯಿಯ ಪ್ರಮಾಣಿತ ಕಡಿತವೂ ಕೂಡಿ 12,75,000ದವರೆಗೆ ಇಲ್ಲ.

ಈ ಕೊನೆಯ ಅಂಕಿಯನ್ನು ರಿಯಾಲಿಗೆ ತಿರುಗಿಸಿ ನೋಡಿ. ತಿಂಗಳಿಗೆ ಸುಮಾರು 4,400 ರಿಯಾಲ್ ಆಗುತ್ತದೆ. ಅದಕ್ಕಿಂತ ಕಡಿಮೆ ಸಂಬಳಕ್ಕೆ ಇಲ್ಲಿಗೆ ಬರುವ ಯಾವ ಕನ್ನಡಿಗನಿಗೂ "ಅಲ್ಲಿ ಟ್ಯಾಕ್ಸ್ ಇಲ್ಲ" ಎಂಬುದರಿಂದ ಒಂದು ರೂಪಾಯಿಯ ಲಾಭವೂ ಇಲ್ಲ. ಅಷ್ಟೇ ಮೊತ್ತವನ್ನು ಊರಿನಲ್ಲಿ ಗಳಿಸಿದ್ದರೂ ಆತನಿಗೆ ತೆರಿಗೆ ಇರುತ್ತಿರಲಿಲ್ಲ. ಕಟ್ಟಡ, ಸ್ವಚ್ಛತೆ, ಕಾವಲು, ಮನೆಗೆಲಸ, ದೋಣಿ, ತೋಟ ಇವುಗಳಲ್ಲಿ ದುಡಿಯುವವರಲ್ಲಿ ಆ ಗೆರೆಯನ್ನು ದಾಟಿದವರನ್ನು ನಾನಂತೂ ಕಂಡಿಲ್ಲ.

ಲಾಭ ಯಾರಿಗೆ ಎಂದರೆ ನನ್ನಂಥವರಿಗೆ. ತಿಂಗಳಿಗೆ 14,000 ರಿಯಾಲ್ ಗಳಿಸುವ ಒಬ್ಬ ವೈದ್ಯನನ್ನೋ ಎಂಜಿನಿಯರನ್ನೋ ತೆಗೆದುಕೊಳ್ಳಿ. ವರ್ಷಕ್ಕೆ ಸುಮಾರು 40 ಲಕ್ಷ ರೂಪಾಯಿ. ತೆರಿಗೆಗೊಳಪಡುವ ಆದಾಯ ಅಷ್ಟಿದ್ದರೆ ಭಾರತದಲ್ಲಿ ಸೆಸ್ಸೂ ಸೇರಿ 8,11,200 ರೂಪಾಯಿ ತೆರಿಗೆ ಬೀಳುತ್ತದೆ. ಇಲ್ಲಿ ಅದು ಪೂರ್ತಿಯಾಗಿ ಜೇಬಿನಲ್ಲಿ ಉಳಿಯುತ್ತದೆ. ಕೆಳಗಿನ ಸಂಬಳದವರ ಮೂರು ವರ್ಷದ ದುಡಿಮೆಗೆ ಹತ್ತಿರದ ಮೊತ್ತವನ್ನು ಮೇಲಿನ ಸಂಬಳದವನು ಪ್ರತಿ ವರ್ಷ ತೆರಿಗೆಯಲ್ಲಿಯೇ ಉಳಿಸುತ್ತಾನೆ. ನಾನು ಇದನ್ನು ಬೇಡವೆನ್ನುತ್ತಿಲ್ಲ. ಪ್ರತಿ ತಿಂಗಳು ಸಂತೋಷದಿಂದಲೇ ಪಡೆಯುತ್ತಿದ್ದೇನೆ. ಆದರೆ ಈ ಲಾಭವನ್ನು ಏಜೆಂಟರು ಐಟಿಐ ಮುಗಿಸಿದ ಹುಡುಗನ ಮುಂದೆ ಅವನದೇ ಎಂಬಂತೆ ಹರಡುತ್ತಾರಲ್ಲ, ಅದನ್ನು ಕೇಳಿದಾಗ ಸುಮ್ಮನಿರುವುದು ಕಷ್ಟ.

ಹಾಗಾದರೆ ಆ ಹುಡುಗ ಕಟ್ಟುವುದು ಏನನ್ನು? ಮೊದಲ ತೆರಿಗೆಯನ್ನು ಆತ ವಿಮಾನ ಹತ್ತುವ ಮುಂಚೆಯೇ ಕಟ್ಟಿರುತ್ತಾನೆ. ನೋಂದಾಯಿತ ಏಜೆಂಟ್ ಕಾರ್ಮಿಕನಿಂದ ಪಡೆಯಬಹುದಾದ ಶುಲ್ಕಕ್ಕೆ ಭಾರತ ಸರ್ಕಾರ 30,000 ರೂಪಾಯಿಯ ಮಿತಿ ಇಟ್ಟಿದೆ. ಅದರ ಮೇಲೆ ಶೇ. 18 ಜಿಎಸ್‌ಟಿ ಎಂದರೆ 5,400. ಕೆಲಸ ಹುಡುಕಿಕೊಂಡು ಹೊರಟ ಬಡವನ ಮೇಲೆ ಐಷಾರಾಮಿ ಸೇವೆಗಳಿಗೆ ಹತ್ತಿರದ ದರ! ವಾಸ್ತವದಲ್ಲಿ ಆ 30,000ದ ಮಿತಿಯನ್ನು ಪಾಲಿಸಿದ ಏಜೆಂಟನ ಕಥೆ ನನ್ನ ಚಿಕಿತ್ಸಾಲಯದಲ್ಲಿ ಅಪರೂಪ. ಲಕ್ಷ ರೂಪಾಯಿಯನ್ನು ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ ಸಾಲ ತಂದವನಿಗೆ ವರ್ಷದ ಬಡ್ಡಿಯೇ 36,000. ಅವನ ವಾರ್ಷಿಕ ಮೂಲ ವೇತನದ ಎಂಟನೆಯ ಒಂದು ಪಾಲು ಅದು. ಊರಿನಲ್ಲಿ ತಿಂಗಳಿಗೆ ಲಕ್ಷಕ್ಕೂ ಮೀರಿ ಸಂಬಳ ಪಡೆಯುವ ನೌಕರ ಸರ್ಕಾರಕ್ಕೆ ಕಟ್ಟುವುದಕ್ಕಿಂತ ಹೆಚ್ಚಿನ ಪ್ರಮಾಣವನ್ನು ಈ ಹುಡುಗ ಲೇವಾದೇವಿಗಾರನಿಗೆ ಕಟ್ಟುತ್ತಾನೆ. ರಶೀದಿಯಿಲ್ಲ, ವಿನಾಯಿತಿಯ ಮಿತಿಯಿಲ್ಲ, ಮರುಪಾವತಿಯಂತೂ ಇಲ್ಲವೇ ಇಲ್ಲ.

ಕತಾರಿನಲ್ಲಿ ಆತನಿಗೆ ತಗಲುವ ನೇರವಾದ ತೆರಿಗೆ ಎಂದರೆ 2019ರ ಜನವರಿಯಿಂದ ಬಂದ ಅಬಕಾರಿ ತೆರಿಗೆ: ತಂಬಾಕಿಗೂ ಎನರ್ಜಿ ಡ್ರಿಂಕಿಗೂ ಶೇ. 100, ಸೋಡಾ ಪಾನೀಯಗಳಿಗೆ ಶೇ. 50. ವೈದ್ಯನಾಗಿ ನನಗೆ ಈ ತೆರಿಗೆಯ ಬಗ್ಗೆ ತಕರಾರಿಲ್ಲ. ಬಿಸಿಲಿನಲ್ಲಿ ಬೆವರು ಸುರಿಸಿ, ನೀರಿನ ಬದಲು ಆ ಡಬ್ಬಿಗಳನ್ನು ಕುಡಿದು, ಎದೆ ಹೊಡೆದುಕೊಳ್ಳುತ್ತದೆ ಎಂದು ಬಂದ ಎಷ್ಟೋ ಹುಡುಗರಿಗೆ ನಾನು ಬೈದಿದ್ದೇನೆ. ನೀರು ಇಲ್ಲಿ ಉಚಿತ, ಅದನ್ನೇ ಕುಡಿಯಿರಿ.

ಮುಂದಿನ ಆತಂಕ ಇನ್ನೊಂದು ಬಗೆಯದು. ಅರಬ್ ಎಮಿರೇಟ್ಸ್ ಮತ್ತು ಸೌದಿ ಅರೇಬಿಯಾ 2018ರಲ್ಲಿ ಶೇ. 5ರ ಮೌಲ್ಯವರ್ಧಿತ ತೆರಿಗೆ ತಂದವು. ಸೌದಿ 2020ರ ಜುಲೈನಲ್ಲಿ ಅದನ್ನು ಒಮ್ಮೆಲೇ ಶೇ. 15ಕ್ಕೆ ಏರಿಸಿತು. ಬಹರೇನ್ 2019ರಲ್ಲಿ ಶೇ. 5 ತಂದು 2022ರಲ್ಲಿ ಶೇ. 10 ಮಾಡಿತು. ಇದೇ ಹೊತ್ತಿಗೆ ಒಮಾನ್ 2025ರ ಜೂನ್‌ನಲ್ಲಿ, ಕೊಲ್ಲಿ ರಾಷ್ಟ್ರಗಳಲ್ಲಿಯೇ ಮೊದಲನೆಯದಾಗಿ, ವ್ಯಕ್ತಿಗತ ಆದಾಯ ತೆರಿಗೆಯ ಕಾನೂನು ಹೊರಡಿಸಿತು. 2028ರಿಂದ ಜಾರಿ, ವರ್ಷಕ್ಕೆ 42,000 ಒಮಾನಿ ರಿಯಾಲ್ ಮೀರಿದ ಆದಾಯಕ್ಕೆ ಶೇ. 5. ಆ ಸುದ್ದಿ ಬಂದ ವಾರ ಇಲ್ಲಿನ ಕಾರ್ಮಿಕ ಶಿಬಿರಗಳಲ್ಲಿ ವಾಟ್ಸಾಪ್ ತುಂಬ ಭಯ: ನಾಳೆ ನಮಗೂ ಬರುತ್ತದೆ ಎಂದು. ಆ ಮಿತಿ ನಮ್ಮ ಹಣದಲ್ಲಿ ಕೋಟಿ ರೂಪಾಯಿಗೆ ಹತ್ತಿರ ಎಂದು ಹೇಳಿದಾಗ ಒಬ್ಬಾತ ನಕ್ಕೇಬಿಟ್ಟ. ಭಯ ತಲೆಕೆಳಗಾಗಿತ್ತು. ಕಾರ್ಮಿಕ ಹೆದರಬೇಕಾದದ್ದು ಒಮಾನಿನ ತೆರಿಗೆಗಲ್ಲ, ಸೌದಿಯದಕ್ಕೆ. ಆದಾಯ ತೆರಿಗೆಗೆ ಮಿತಿಯೊಂದಿರುತ್ತದೆ, ಬಡವ ಅದರ ಕೆಳಗೆ ನಿಂತು ಪಾರಾಗುತ್ತಾನೆ. ಅಂಗಡಿಯ ಬಿಲ್ಲಿನ ತೆರಿಗೆಗೆ ಅಂಥ ಮಿತಿಯಿಲ್ಲ. ಮೊಬೈಲ್ ರೀಚಾರ್ಜಿಗೂ ಚಪ್ಪಲಿಗೂ ಅವನು ನನ್ನಷ್ಟೇ ದರದಲ್ಲಿ ಕಟ್ಟಬೇಕು.

ಆದಾಯ ತೆರಿಗೆಯ ಮಿತಿಯೂ ಒಂದೆಡೆ ನಿಂತರೆ ಸವೆಯುತ್ತದೆ. ಬ್ರಿಟನ್ನಿಗೆ ಆರೈಕೆಯ ಕೆಲಸಕ್ಕೆ ಹೋದ ನಮ್ಮ ಹೆಣ್ಣುಮಕ್ಕಳು ಇದನ್ನು ಗಮನಿಸಬೇಕು. ಅಲ್ಲಿ 12,570 ಪೌಂಡಿನ ಮಿತಿ 2021ರ ಏಪ್ರಿಲ್‌ನಿಂದ ಕದಲಿಲ್ಲ. ಅದೇ ಅವಧಿಯಲ್ಲಿ ಗಂಟೆಯ ಕನಿಷ್ಠ ವೇತನ 8.91 ಪೌಂಡಿನಿಂದ 2025ರ ಏಪ್ರಿಲ್‌ಗೆ 12.21ಕ್ಕೆ ಏರಿತು. ಏರಿದ ಪ್ರತಿ ಪೌಂಡೂ ತೆರಿಗೆಯ ಒಳಗೇ ಬಿತ್ತು. ದರ ಏರಿಸದೆ ತೆರಿಗೆ ಏರಿಸುವ ಜಾಣತನ ಅದು.

ಇನ್ನು ನಾನು ನಿಜವಾಗಿ ಹೇಳಬೇಕೆಂದಿರುವ ವಿಷಯ. ಗಲ್ಫಿನಲ್ಲಿರುವ ಕಡಿಮೆ ಸಂಬಳದ ಕನ್ನಡಿಗನಿಗೆ ಆದಾಯ ತೆರಿಗೆಯ ಪೆಟ್ಟು ಬೀಳುವುದು ಊರಿನಲ್ಲಿ.

ಬೈಂದೂರು ಕಡೆಯ ಪೇಂಟರ್ ಒಬ್ಬರು ರಕ್ತದೊತ್ತಡದ ಮಾತ್ರೆಗೆಂದು ನನ್ನಲ್ಲಿಗೆ ಬರುತ್ತಾರೆ. ಮೂಲ ವೇತನ 1,000 ರಿಯಾಲ್, ಊಟ ವಸತಿ ಕಂಪನಿಯದು. ತಂದೆ ತೀರಿಕೊಂಡ ಮೇಲೆ ಅವರ ಉಳಿತಾಯದಲ್ಲಿ ಇವರ ಪಾಲಿಗೆ ಮೂರು ಲಕ್ಷ ರೂಪಾಯಿ ಬಂತು. ಬ್ಯಾಂಕಿನವರು ಹೇಳಿದಂತೆ ಪ್ರಾಮಾಣಿಕವಾಗಿ ತಾನು ಅನಿವಾಸಿ ಎಂದು ಬರೆದುಕೊಟ್ಟು, ಎನ್‌ಆರ್‌ಒ ಖಾತೆಯಲ್ಲಿ ಶೇ. 7ರ ಠೇವಣಿ ಇಟ್ಟರು. ವರ್ಷದ ಬಡ್ಡಿ 21,000. ಅದರಲ್ಲಿ 6,552 ರೂಪಾಯಿ ಮೂಲದಲ್ಲಿಯೇ ಕಡಿತ. "ಡಾಕ್ಟ್ರೇ, ಟ್ಯಾಕ್ಸ್ ಇಲ್ಲ ಅಂತ ಇಲ್ಲಿಗೆ ಬಂದದ್ದು. ಊರಿನ ಬ್ಯಾಂಕಿನವರು ಹಿಡಿದದ್ದು ಎಂತಕ್ಕೆ?" ಎಂದು ಮೊಬೈಲ್ ತೋರಿಸಿ ಕೇಳಿದರು. ಆ ಮೊತ್ತ ಅವರ ಎಂಟು ದಿನದ ಮೂಲ ವೇತನ.

ಬ್ಯಾಂಕಿನವರದು ತಪ್ಪಲ್ಲ; ಕಾನೂನೇ ಹಾಗಿದೆ. ದೇಶದಲ್ಲಿರುವವನ ಬ್ಯಾಂಕ್ ಬಡ್ಡಿ ವರ್ಷಕ್ಕೆ 50,000 ರೂಪಾಯಿ ದಾಟುವವರೆಗೆ ಮೂಲದಲ್ಲಿ ಕಡಿತವಿಲ್ಲ. ದಾಟಿದರೂ, ಆದಾಯ ಮಿತಿಗಿಂತ ಕಡಿಮೆ ಎಂದು 15ಜಿ ಎಂಬ ಹೆಸರಿನಿಂದ ಪರಿಚಿತವಾದ ಘೋಷಣಾಪತ್ರ ಕೊಟ್ಟರೆ ಶೇ. 10ರ ಆ ಕಡಿತವನ್ನೂ ನಿಲ್ಲಿಸಬಹುದು. ಅನಿವಾಸಿಗೆ ಮೊದಲ ರೂಪಾಯಿಯಿಂದಲೇ ಸೆಸ್ ಸೇರಿ ಶೇ. 31.2 ಕಡಿತ, ಘೋಷಣಾಪತ್ರ ಕೊಡುವ ಅವಕಾಶವೂ ಇಲ್ಲ. ಭಾರತ ಮತ್ತು ಕತಾರಿನ ನಡುವಿನ ತೆರಿಗೆ ಒಪ್ಪಂದದಂತೆ ಬಡ್ಡಿಯ ಮೇಲಿನ ದರ ಶೇ. 10ಕ್ಕೆ ಇಳಿಯಬಹುದು, ಆದರೆ ಅದಕ್ಕೆ ಇಲ್ಲಿನ ತೆರಿಗೆ ಇಲಾಖೆಯಿಂದ ನಿವಾಸ ಪ್ರಮಾಣಪತ್ರ ತರಬೇಕು. ಅಲ್ ಶಮಾಲ್‌ನ ಶಿಬಿರದಲ್ಲಿರುವ ಪೇಂಟರ್ ಅದನ್ನು ತಂದಾನೆಯೇ?

ಆ ಪೇಂಟರ್ ಭಾರತಕ್ಕೆ ಕೊಡಬೇಕಾದ ನಿಜವಾದ ತೆರಿಗೆ ಸೊನ್ನೆ. ಭಾರತದಲ್ಲಿನ ಆದಾಯ 21,000 ಮಾತ್ರ. ಅನಿವಾಸಿಗೂ 4 ಲಕ್ಷದ ಮೂಲ ಮಿತಿ ಇದ್ದೇ ಇದೆ. ರಿಟರ್ನ್ ಸಲ್ಲಿಸಿದರೆ 6,552 ರೂಪಾಯಿ ಪೂರ್ತಿ ಮರಳುತ್ತದೆ. ಸಲ್ಲಿಸಲು ಪ್ಯಾನ್ ಬೇಕು, ಪೋರ್ಟಲ್ ಬೇಕು, ಒಟಿಪಿ ಬರಲು ರೀಚಾರ್ಜ್ ಇಲ್ಲದೆ ಸತ್ತುಹೋದ ಊರಿನ ಸಿಮ್ ಬೇಕು. ಊರಿನ ಲೆಕ್ಕಪತ್ರದವರು ಎರಡು ಸಾವಿರ ಕೇಳಿದರಂತೆ. ಹೀಗೆ ಮಿತಿ ಎಂಬುದು ಕಾನೂನಿನ ಪುಸ್ತಕದಲ್ಲಿ ಅವರಿಗೂ ಇದೆ, ಕೈಗೆ ಮಾತ್ರ ಎಟಕುವುದಿಲ್ಲ. ಅನಿವಾಸಿಯಾದದ್ದನ್ನು ಬ್ಯಾಂಕಿಗೆ ತಿಳಿಸದೆ ಹಳೆಯ ಉಳಿತಾಯ ಖಾತೆಯನ್ನೇ ನಡೆಸುತ್ತಿರುವ ಅವರ ಕೋಣೆಯ ಸಂಗಾತಿಗೆ ಯಾವ ಕಡಿತವೂ ಆಗಿಲ್ಲ. ಅದು ವಿದೇಶಿ ವಿನಿಮಯದ ನಿಯಮಕ್ಕೆ ವಿರುದ್ಧ ಎಂದು ನಾನು ಹೇಳಿದೆ. ಇಬ್ಬರೂ ನನ್ನ ಮುಖವನ್ನೇ ನೋಡಿದರು.

ಮನೆ ಬಾಡಿಗೆಯದೂ ಇದೇ ಕಥೆ. ಗಲ್ಫಿನ ಹಣದಲ್ಲಿ ಕಟ್ಟಿದ ಮನೆಯ ಮಹಡಿಯನ್ನು ಐದು ಸಾವಿರಕ್ಕೆ ಬಾಡಿಗೆಗೆ ಕೊಟ್ಟರೆ, ಕಾನೂನಿನ ಪ್ರಕಾರ ಬಾಡಿಗೆದಾರ ಅದರಲ್ಲಿಯೂ ಶೇ. 31.2 ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಯಾರೂ ಕಟ್ಟುವುದಿಲ್ಲ ಎಂಬುದು ಬೇರೆ ಮಾತು. ಪಟ್ಟಣದಲ್ಲಿನ ನಿವೇಶನ ಮಾರುವವನು ನಿವಾಸಿಯಾದರೆ 50 ಲಕ್ಷದವರೆಗೆ ಕೊಳ್ಳುವವನು ಏನನ್ನೂ ಹಿಡಿಯಬೇಕಿಲ್ಲ. ಅನಿವಾಸಿಯಾದರೆ ಎಂಟು ಲಕ್ಷದ ನಿವೇಶನಕ್ಕೂ ಕಡಿತ ಉಂಟು. 2024ರ ಜುಲೈ 23ಕ್ಕೆ ಮುಂಚೆ ಕೊಂಡ ಆಸ್ತಿಗೆ ಹಣದುಬ್ಬರದ ಸೂಚ್ಯಂಕದ ಲೆಕ್ಕವನ್ನು ಆರಿಸಿಕೊಳ್ಳುವ ಅವಕಾಶವೂ ನಿವಾಸಿಗಳಿಗೆ ಮಾತ್ರ.

ವರ್ಷದಿಂದ ವರ್ಷಕ್ಕೆ ಈ ಅಂತರ ಹಿಗ್ಗುತ್ತಲೇ ಇದೆ. ನಿವಾಸಿಗಳಿಗೆ ಮಾತ್ರ ಸಿಗುವ ತೆರಿಗೆ ರಿಯಾಯಿತಿ 2013ರಲ್ಲಿ ಬಂದಾಗ ಬರೀ 2,000 ರೂಪಾಯಿ, ಯಾರೂ ತಲೆಕೆಡಿಸಿಕೊಳ್ಳಲಿಲ್ಲ. 2019ರಲ್ಲಿ ನಿವಾಸಿಗೆ 5 ಲಕ್ಷದವರೆಗೆ ತೆರಿಗೆಯಿಲ್ಲದಂತಾಯಿತು, ಅನಿವಾಸಿಯ ಮಿತಿ ಎರಡೂವರೆ ಲಕ್ಷದಲ್ಲಿಯೇ ಉಳಿಯಿತು. 2023ರಲ್ಲಿ 7 ಲಕ್ಷ, ಅನಿವಾಸಿಗೆ 3. 2025ರಲ್ಲಿ 12 ಲಕ್ಷ, ಅನಿವಾಸಿಗೆ 4. ಪ್ರತಿ ಮುಂಗಡಪತ್ರದ ದಿನವೂ ಟಿವಿಯಲ್ಲಿ ಮಧ್ಯಮ ವರ್ಗಕ್ಕೆ ಬಂಪರ್ ಎಂದು ಕೂಗುತ್ತಾರೆ. ಶಿಬಿರದಲ್ಲಿ ಕುಳಿತು ನೋಡುವವನು ಅದು ತನಗೂ ಎಂದುಕೊಳ್ಳುತ್ತಾನೆ. 2026ರ ಏಪ್ರಿಲ್ 1 ಜಾರಿಯ ದಿನವಾದ ಹೊಸ ಆದಾಯ ತೆರಿಗೆ ಕಾಯ್ದೆ ಕಲಮುಗಳ ಸಂಖ್ಯೆಯನ್ನು ಬದಲಿಸಿತೇ ಹೊರತು ಈ ಭೇದವನ್ನು ಅಳಿಸಲಿಲ್ಲ.

ಇದಕ್ಕೆ ಸಮರ್ಥನೆಯೂ ಇದೆ, ಅದು ದುರ್ಬಲವಾದುದಲ್ಲ. ಅನಿವಾಸಿಯ ಹೊರದೇಶದ ಆದಾಯ ಸರ್ಕಾರಕ್ಕೆ ಕಾಣಿಸದು. ಇಲ್ಲಿ 40 ಲಕ್ಷ ಗಳಿಸುವ ವೈದ್ಯ ಬೆಂಗಳೂರಿನ ಎರಡು ಫ್ಲ್ಯಾಟುಗಳಿಂದ 10 ಲಕ್ಷ ಬಾಡಿಗೆ ಪಡೆದು, ಬಡವನಿಗೆಂದು ಮಾಡಿದ ರಿಯಾಯಿತಿಯನ್ನು ತಾನೂ ಪಡೆದರೆ ಅದು ಅನ್ಯಾಯ. ಒಪ್ಪುತ್ತೇನೆ; ನನ್ನಂಥವರಿಗೆ ಆ ರಿಯಾಯಿತಿ ಬೇಡ. ಆದರೆ ವೈದ್ಯನನ್ನು ಹಿಡಿಯಲು ಬೀಸಿದ ಬಲೆಯಲ್ಲಿ ಪೇಂಟರ್ ಏಕೆ ಸಿಕ್ಕಿಬೀಳಬೇಕು?

ಇಬ್ಬರನ್ನೂ ಬೇರ್ಪಡಿಸಿ ನೋಡುವುದು ಸಾಧ್ಯ ಎಂಬುದನ್ನು ಸರ್ಕಾರವೇ ಒಮ್ಮೆ ತೋರಿಸಿದೆ. 2020ರ ಫೆಬ್ರವರಿ 1ರ ಮುಂಗಡಪತ್ರದಲ್ಲಿ, ಬೇರೆ ಯಾವ ದೇಶದಲ್ಲಿಯೂ ತೆರಿಗೆಗೆ ಒಳಪಡದ ಭಾರತೀಯ ಪ್ರಜೆಯನ್ನು ಭಾರತದ ನಿವಾಸಿ ಎಂದೇ ಭಾವಿಸಬೇಕೆಂಬ ಪ್ರಸ್ತಾವ ಬಂತು. ಗಲ್ಫಿನಾದ್ಯಂತ ಆ ರಾತ್ರಿ ಯಾರಿಗೂ ನಿದ್ದೆಯಿಲ್ಲ. ಕೇರಳದ ಮುಖ್ಯಮಂತ್ರಿ ಪ್ರಧಾನಿಗೆ ಪತ್ರ ಬರೆದರು. ಮಧ್ಯಪ್ರಾಚ್ಯದಲ್ಲಿ ದುಡಿಯುವ ನೈಜ ಕಾರ್ಮಿಕರು ಇದರ ಗುರಿಯಲ್ಲ ಎಂದು ಮರುದಿನವೇ ಸರ್ಕಾರ ಸ್ಪಷ್ಟನೆ ಕೊಟ್ಟಿತು. ಕಾನೂನು ಅಂಗೀಕಾರವಾದಾಗ ಅದರಲ್ಲೊಂದು ಮಿತಿ ಸೇರಿತ್ತು: ಭಾರತದ ಮೂಲದ ಆದಾಯ 15 ಲಕ್ಷ ಮೀರಿದವರಿಗಷ್ಟೇ ಅದು ಅನ್ವಯ. ಆ ಒಂದು ಅಂಕಿ ಲಕ್ಷಾಂತರ ಕಾರ್ಮಿಕರನ್ನು ಕಾಯಿತು. ಸರಿಯಾದ ಜಾಗದಲ್ಲಿ ಇಟ್ಟ ಮಿತಿಗೆ ಅಷ್ಟು ಬಲವಿದೆ.

ಇನ್ನೂ ಒಂದು ಸಂಗತಿ. ಹತ್ತನೆಯ ತರಗತಿ ಮುಗಿಸದ ಕಾರ್ಮಿಕ ಕತಾರಿಗೆ ಬರಬೇಕಾದರೆ ಪಾಸ್‌ಪೋರ್ಟಿನಲ್ಲಿ ಇಸಿಆರ್ ಎಂದು ನಮೂದಾಗಿ, ಇಮೈಗ್ರೇಟ್ ವ್ಯವಸ್ಥೆಯಲ್ಲಿ ಅನುಮತಿ ಪಡೆಯಬೇಕು. ಅಲ್ಲಿ ಅವನ ಕರಾರು ದಾಖಲಾಗುತ್ತದೆ, ಸಂಬಳದ ಮೊತ್ತದ ಸಮೇತ. ಅಂದರೆ ಈತ ಬಡವನೋ ಅಲ್ಲವೋ ಎಂಬ ಪ್ರಶ್ನೆಗೆ ಉತ್ತರ ದೆಹಲಿಯ ಕಡತದಲ್ಲಿಯೇ ಇದೆ. ಅದನ್ನು ಪ್ಯಾನ್‌ಗೆ ಜೋಡಿಸಿ, ಇಂಥವರ ಎನ್‌ಆರ್‌ಒ ಬಡ್ಡಿಗೆ ನಿವಾಸಿಗಿರುವ 50,000ದ ಮಿತಿಯನ್ನೇ ಕೊಟ್ಟು, 15ಜಿಯಂಥ ಘೋಷಣೆಗೆ ಅವಕಾಶ ಮಾಡಿದರೆ ಸಾಕು. ಖಜಾನೆಗೆ ಇದರಿಂದ ನಷ್ಟವಿಲ್ಲ, ಏಕೆಂದರೆ ಆ ಹಣ ಮೊದಲಿನಿಂದಲೂ ಖಜಾನೆಯದಲ್ಲ. ಕೇರಳದವರು ಬರೆದಂಥ ಪತ್ರವೊಂದನ್ನು ನಮ್ಮ ಕರಾವಳಿಯ, ಕಲ್ಯಾಣ ಕರ್ನಾಟಕದ ಸಂಸದರೂ ಬರೆಯಬಹುದು. ಗಲ್ಫಿನ ಮಾತು ಬಂದಾಗಲೆಲ್ಲ ಅದು ಮಲಯಾಳಿಗಳ ವಿಷಯವೆಂದು ಸುಮ್ಮನಾಗುವ ಅಭ್ಯಾಸ ನಮ್ಮ ರಾಜಕಾರಣಕ್ಕೆ ಏಕೆ ಅಂಟಿತೋ ತಿಳಿಯದು.

ಅಲ್ಲಿಯವರೆಗೆ ಊರಿನಲ್ಲಿರುವ ಮನೆಯವರು ಮಾಡಬಹುದಾದ ಕೆಲವು ಕೆಲಸಗಳಿವೆ. ಕತಾರಿನ ಸಂಬಳ ಎನ್‌ಆರ್‌ಇ ಖಾತೆಗೇ ಬರಲಿ. ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ, ಕಡಿತವೂ ಇಲ್ಲ. ಬಾಡಿಗೆ, ಪಿತ್ರಾರ್ಜಿತ, ಊರಿನ ಬೇರೆ ಆದಾಯ ಮಾತ್ರ ಎನ್‌ಆರ್‌ಒಗೆ ಹೋಗಲಿ. ಮಗನೋ ಗಂಡನೋ ವಿಮಾನ ಹತ್ತುವ ಮುನ್ನವೇ ಪ್ಯಾನ್ ಮಾಡಿಸಿ, ಊರಿನ ಸಿಮ್ ಸಾಯದಂತೆ ನೋಡಿಕೊಳ್ಳಿ, ತೆರಿಗೆ ಪೋರ್ಟಲಿನ ಗುಪ್ತಪದ ಮನೆಯಲ್ಲೊಬ್ಬರಿಗೆ ತಿಳಿದಿರಲಿ. ಏಜೆಂಟ್ 30,000 ರೂಪಾಯಿ ಮತ್ತು ಜಿಎಸ್‌ಟಿಯ ಮೇಲೆ ಕೇಳಿದರೆ ರಶೀದಿ ಕೇಳಿ, ಇಮೈಗ್ರೇಟ್ ಜಾಲತಾಣದಲ್ಲಿ ಅವನ ಹೆಸರಿದೆಯೇ ನೋಡಿ. ಸಂಬಳದ ಮಾತುಕತೆಯಲ್ಲಿ ಮೂಲ ವೇತನ ಎಷ್ಟೆಂದು ಬಿಡಿಸಿ ಕೇಳುವುದನ್ನು ಮರೆಯಬೇಡಿ. ಇಲ್ಲಿ ಕಾರ್ಮಿಕನಿಗೆ ಪಿಂಚಣಿಯಿಲ್ಲ; ಹೊರಡುವಾಗ ಸಿಗುವ ಸೇವಾಂತ್ಯದ ಹಣ ವರ್ಷಕ್ಕೆ ಕನಿಷ್ಠ ಮೂರು ವಾರದ ಮೂಲ ವೇತನ. 1,000 ರಿಯಾಲಿನವನು ಹದಿನೈದು ವರ್ಷ ದುಡಿದರೂ ಅದು ಸುಮಾರು ಎರಡೂವರೆ ಲಕ್ಷ ರೂಪಾಯಿ.

ಬೈಂದೂರಿನ ಪೇಂಟರ್ ಅವರ ರಿಟರ್ನನ್ನು ಒಂದು ಶುಕ್ರವಾರ ನನ್ನ ಮಗಳು ಕುಳಿತು ತುಂಬಿದಳು. ಇಪ್ಪತ್ತೈದು ನಿಮಿಷ ಹಿಡಿಯಿತು, ಅದರಲ್ಲಿ ಇಪ್ಪತ್ತು ಒಟಿಪಿಗೆ ಕಾದದ್ದು. ಎನ್‌ಆರ್‌ಒ ಖಾತೆಯಲ್ಲಿ ಕಡಿತವಾದವರು ಇನ್ನೂ ಸಲ್ಲಿಸಿಲ್ಲದಿದ್ದರೆ ಜುಲೈ 31 ತಪ್ಪಿದರೂ ಡಿಸೆಂಬರ್ 31ರವರೆಗೆ ಸಮಯವಿದೆ.